ಗಾಲಿಕುರ್ಚಿಯ ವೈದ್ಯೆ ಡಾ. ಮೇರಿ ವರ್ಗೀಸ್: ಗಡಿಭಾಗದ ಪಾಲಕರು ಅರಿಯಬೇಕಾದ ಒಂದು ಬದುಕು

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಶಾಲೆಗಳ ಪಾಲಕ ಬಂಧುಗಳಿಗೆ ಈ ಸಲ ನಾವು ಪರಿಚಯಿಸಲು ಬಯಸುವುದು ಒಬ್ಬ ವೈದ್ಯೆಯ ಬದುಕನ್ನು. ಅವರು ಕನ್ನಡಿಗರಲ್ಲ, ನಮ್ಮ ಸೀಮೆಗೆ ಬಂದವರೂ ಅಲ್ಲ. ಆದರೂ ಅವರ ಜೀವನಕ್ಕೂ ನಮ್ಮ ಹಳ್ಳಿಗಳ ಎಷ್ಟೋ ಮನೆಗಳ ಮೌನ ದುಃಖಕ್ಕೂ ನೇರವಾದ ಸಂಬಂಧವಿದೆ.

ನಮ್ಮ ಭಾಗದ ಯಾವ ಊರಿಗೆ ಹೋದರೂ ಅಂಥದೊಂದು ಮನೆ ಸಿಗುತ್ತದೆ. ಮರದಿಂದಲೋ ಮಾಳಿಗೆಯಿಂದಲೋ ಬಿದ್ದು ನಡ ಮುರಿದುಕೊಂಡವರು, ರಾಶಿ ಯಂತ್ರಕ್ಕೆ ಕೈ ಕೊಟ್ಟವರು, ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಅಪಘಾತದಲ್ಲಿ ಕಾಲು ಕಳೆದುಕೊಂಡವರು, ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋದವರು, ಹುಟ್ಟಿನಿಂದಲೇ ಕೈಕಾಲು ಸೆಟೆದುಕೊಂಡ ಮಕ್ಕಳು. ಇಂಥವರನ್ನು ಮನೆಯವರು ದೊಡ್ಡ ಊರಿನ ಆಸ್ಪತ್ರೆಗೆ ಒಯ್ಯುತ್ತಾರೆ. ಸಾಲ ಮಾಡಿ ಶಸ್ತ್ರಚಿಕಿತ್ಸೆ ಮಾಡಿಸುತ್ತಾರೆ. ಜೀವ ಉಳಿಯುತ್ತದೆ, ಮೂಳೆ ಕೂಡುತ್ತದೆ. ಇನ್ನು ಮಾಡುವಂಥದ್ದೇನೂ ಇಲ್ಲ ಎಂಬ ಮಾತು ಕೇಳಿ ಮನೆಗೆ ಮರಳುತ್ತಾರೆ. ಅಲ್ಲಿಂದ ಮುಂದೆ ಆ ಮನುಷ್ಯನ ಲೋಕವೆಂದರೆ ಒಂದು ಮಂಚ, ಒಂದು ಗೋಡೆ.

ಆದರೆ ಅಲ್ಲಿಂದ ಮುಂದೆಯೂ ಮಾಡಬೇಕಾದ ಕೆಲಸವಿದೆ. ಅದನ್ನೇ ಕಲಿತ ವೈದ್ಯರಿದ್ದಾರೆ. ಅವರ ಶಾಸ್ತ್ರಕ್ಕೆ ದೈಹಿಕ ವೈದ್ಯಶಾಸ್ತ್ರ ಮತ್ತು ಪುನರ್ವಸತಿ ಎಂದು ಹೆಸರು. ದೊಡ್ಡ ಆಸ್ಪತ್ರೆಗಳ ಫಲಕಗಳ ಮೇಲೆ ಅದು ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ಎಂದು ಕಾಣುತ್ತದೆ, ಚಿಕ್ಕದಾಗಿ ಪಿ.ಎಂ.ಆರ್. ಎನ್ನುತ್ತಾರೆ. ಇಂಥ ವೈದ್ಯರನ್ನು ಹುಡುಕುವುದು ಇಂದಿಗೂ ಸುಲಭವಲ್ಲ. ನಮ್ಮ ದೇಶದಲ್ಲಿ ಈ ಶಾಸ್ತ್ರವಿನ್ನೂ ಕಣ್ಣು ತೆರೆಯುತ್ತಿದ್ದ ಕಾಲದಲ್ಲಿ, ತಮಗೇ ಅದರ ಅಗತ್ಯ ಬಿದ್ದು, ಕಡಲಾಚೆ ಹೋಗಿ ಅದನ್ನು ಕಂಡು, ಕಲಿತು, ಮರಳಿ ತಂದವರು ಡಾ. ಮೇರಿ ವರ್ಗೀಸ್.

ಕೊಚ್ಚಿಯಿಂದ ವೆಲ್ಲೂರಿಗೆ

ಮೇರಿ ಪುತಿಶ್ಶೇರಿಲ್ ವರ್ಗೀಸ್ ಹುಟ್ಟಿದ್ದು 1925ರ ಮೇ ತಿಂಗಳಲ್ಲಿ, ಕೇರಳದ ಕೊಚ್ಚಿಯ ಒಂದು ಸಿರಿಯನ್ ಕ್ರೈಸ್ತ ಮನೆತನದಲ್ಲಿ. ಎಂಟು ಮಕ್ಕಳ ತುಂಬು ಸಂಸಾರದಲ್ಲಿ ಅವರು ಏಳನೆಯವರು. ಎರ್ನಾಕುಲಂನ ಮಹಾರಾಜ ಕಾಲೇಜಿನಲ್ಲಿ ಓದಿ, ವೈದ್ಯೆಯಾಗುವ ಹಂಬಲದಿಂದ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜನ್ನು ಸೇರಿದರು. ಹೆಣ್ಣುಮಕ್ಕಳು ಊರು ಬಿಟ್ಟು ದೂರದಲ್ಲಿ ವೈದ್ಯಕೀಯ ಓದುವುದು ಆಗ ಇನ್ನೂ ಅಪರೂಪ.

ಆ ಕಾಲೇಜಿನ ಹಿನ್ನೆಲೆಯೂ ತಿಳಿಯತಕ್ಕದ್ದೇ. ಐಡಾ ಸ್ಕಡ್ಡರ್ ಎಂಬ ಅಮೆರಿಕದ ವೈದ್ಯೆ 1900ರಲ್ಲಿ ಒಂದೇ ಹಾಸಿಗೆಯ ದವಾಖಾನೆಯೊಂದಿಗೆ ಆರಂಭಿಸಿದ ಸೇವೆ ಅದು. ಗಂಡಸು ವೈದ್ಯರು ಮುಟ್ಟಕೂಡದೆಂಬ ಕಟ್ಟುಪಾಡಿನಿಂದ ಹೆರಿಗೆಯಲ್ಲಿ ಸಾಯುತ್ತಿದ್ದ ಹೆಂಗಸರಿಗಾಗಿ ಹೆಣ್ಣು ವೈದ್ಯರನ್ನೇ ತಯಾರು ಮಾಡಬೇಕೆಂದು ಅವರು 1918ರಲ್ಲಿ ಮಹಿಳೆಯರ ವೈದ್ಯಕೀಯ ಶಾಲೆಯನ್ನು ತೆರೆದರು. ಮುಂದೆ ಅದೇ ದೊಡ್ಡ ಕಾಲೇಜಾಗಿ ಬೆಳೆಯಿತು.

ವೆಲ್ಲೂರು ಕೂಡ ನಮ್ಮಂತೆಯೇ ಗಡಿಸೀಮೆಯ ಊರು. ಪಕ್ಕದಲ್ಲೇ ಚಿತ್ತೂರು, ಆಸ್ಪತ್ರೆಗೆ ತಮಿಳಿನವರೂ ಬರುತ್ತಿದ್ದರು, ತೆಲುಗಿನವರೂ ಬರುತ್ತಿದ್ದರು. ಮೇರಿಯವರ ಮನೆಮಾತು ಮಲಯಾಳಂ, ಓದಿದ ಭಾಷೆ ಇಂಗ್ಲಿಷ್. ರೋಗಿಯ ಭಾಷೆ ಬೇರೆ, ವೈದ್ಯರ ಭಾಷೆ ಬೇರೆ ಎಂಬ ಸಂಕಟ ಏನೆಂಬುದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಆ ಸಂಕಟದ ನಡುವೆಯೇ ಆ ಊರಿನಲ್ಲಿ ಮೇರಿಯವರ ವೈದ್ಯಕೀಯ ಬದುಕು ಮೊದಲಾಯಿತು.

1954ರ ಅಪಘಾತ

1954ರಲ್ಲಿ, ಓದು ಮುಗಿಸಿ ಕೆಲಸಕ್ಕೆ ತೊಡಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಒಂದು ದಿನ ಯುವ ವೈದ್ಯರ ಗುಂಪು ವಾಹನವೊಂದರಲ್ಲಿ ವಿಹಾರಕ್ಕೆ ಹೊರಟಿತ್ತು. ದಾರಿಯಲ್ಲಿ ಆ ವಾಹನ ಉರುಳಿಬಿತ್ತು. ಮೇರಿಯವರ ಮುಖಕ್ಕೆ ಆಳವಾದ ಗಾಯವಾಯಿತು; ಅದಕ್ಕಿಂತ ಘೋರವಾಗಿ ಬೆನ್ನುಹುರಿಗೆ ಪೆಟ್ಟಾಯಿತು. ದೇಹದ ಕೆಳಭಾಗದ ಚಲನೆಯೂ ಸ್ಪರ್ಶಜ್ಞಾನವೂ ಹೋದವು. ಮೂವತ್ತು ತುಂಬುವ ಮೊದಲೇ ಅವರು ಹಾಸಿಗೆ ಹಿಡಿದರು.

ಬೆನ್ನುಹುರಿ ಎಂದರೆ ಬೆನ್ನುಮೂಳೆಯ ಒಳಗೆ ಮಿದುಳಿನಿಂದ ಕೆಳಗಿಳಿಯುವ ನರಗಳ ಕಟ್ಟು. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಹರಿದ ಚರ್ಮ ಮಾಯುತ್ತದೆ. ಕಡಿದುಹೋದ ಬೆನ್ನುಹುರಿ ಮಾತ್ರ ಮತ್ತೆ ಬೆಸೆಯುವುದಿಲ್ಲ. ಕಾಲು ಎತ್ತು ಎಂಬ ಅಪ್ಪಣೆ ಕಾಲಿಗೆ ಮುಟ್ಟುವುದಿಲ್ಲ. ಕಾಲಿನ ನೋವು ಮಿದುಳಿಗೆ ತಲುಪುವುದಿಲ್ಲ. ಮಲಮೂತ್ರಗಳ ಮೇಲಿನ ಹಿಡಿತವೂ ತಪ್ಪುತ್ತದೆ. ಒಂದೇ ಮಗ್ಗುಲಿಗೆ ಬಹಳ ಹೊತ್ತು ಮಲಗಿದರೆ ನೋವೇ ತಿಳಿಯದೆ ಚರ್ಮ ಕೊಳೆತು ಹಾಸಿಗೆ ಹುಣ್ಣಾಗುತ್ತದೆ. ಮೂತ್ರ ಒಳಗೇ ನಿಂತರೆ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ. ಎರಡನೆಯ ಮಹಾಯುದ್ಧಕ್ಕಿಂತ ಮೊದಲು ಜಗತ್ತಿನ ಎಲ್ಲ ಕಡೆಗೂ ಇಂಥ ಗಾಯವಾದವರಲ್ಲಿ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ಈ ಎರಡು ಕಾರಣಗಳಿಂದ ಸಾಯುತ್ತಿದ್ದರು.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಲುಡ್ವಿಗ್ ಗುಟ್ಮನ್ ಎಂಬ ವೈದ್ಯರು ಈ ವಿಧಿಯನ್ನು ಒಪ್ಪದೆ ನಿಂತರು. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಮೂತ್ರದ ಸೋಂಕಿಗೆ ಎಡೆಗೊಡದಿರುವುದು, ಬೇಗನೆ ಎಬ್ಬಿಸಿ ಕೂರಿಸುವುದು, ಕೆಲಸಕ್ಕೂ ಆಟಕ್ಕೂ ಹಚ್ಚುವುದು ಅವರ ಕ್ರಮವಾಗಿತ್ತು. ಸಾಯಬೇಕಾಗಿದ್ದವರು ಬದುಕತೊಡಗಿದರು. 1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ ಗುಟ್ಮನ್ ತಮ್ಮ ಗಾಲಿಕುರ್ಚಿಯ ರೋಗಿಗಳಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ಏರ್ಪಡಿಸಿದರು. ಇಂದು ನಮ್ಮ ಮಕ್ಕಳು ದೂರದರ್ಶನದಲ್ಲಿ ನೋಡುವ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಮೇರಿಯವರಿಗೆ ಅಪಘಾತವಾದಾಗ ಈ ಹೊಸ ವಿದ್ಯೆಗೆ ಹತ್ತೇ ವರ್ಷ ವಯಸ್ಸು. ಭಾರತದಲ್ಲಿ ಅದು ಇನ್ನೂ ಬೇರುಬಿಟ್ಟಿರಲಿಲ್ಲ.

ಕೂತು ಮಾಡಬಹುದಾದ ಶಸ್ತ್ರಚಿಕಿತ್ಸೆ

ಆಗ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರಿದ್ದರು. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿಯೇ ಹುಟ್ಟಿದ ಇಂಗ್ಲಿಷ್ ದಂಪತಿಗಳ ಮಗ ಅವರು. ಕುಷ್ಠರೋಗದಿಂದ ಮುದುಡಿದ ಕೈಬೆರಳುಗಳನ್ನು ಸ್ನಾಯುರಜ್ಜುಗಳ ಮರುಜೋಡಣೆಯಿಂದ ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದ ಕೀರ್ತಿ ಅವರದು. ಬೆರಳು ನೆಟ್ಟಗಾದರೆ ಸಾಲದು, ಆ ಕೈಗೆ ಒಂದು ಕೆಲಸವೂ ಸಿಗಬೇಕೆಂದು ತಿಳಿದು ರೋಗಿಗಳಿಗೆ ಕಸುಬು ಕಲಿಸುವ ಕೇಂದ್ರವನ್ನೂ ಅವರು ಕಟ್ಟಿದ್ದರು.

ಬ್ರ್ಯಾಂಡ್ ಅವರು ಮೇರಿಯವರ ಚಿಕಿತ್ಸೆಯಲ್ಲಿ ಪಾಲುಗೊಂಡರು. ಅದಕ್ಕಿಂತ ದೊಡ್ಡದಾಗಿ, ತಾನು ರೋಗಿ ಎಂಬ ಭಾವನೆಯಿಂದ ತಾನು ವೈದ್ಯೆ ಎಂಬ ಭಾವನೆಗೆ ಅವರನ್ನು ಮರಳಿಸಲು ಯತ್ನಿಸಿದರು. ಅವರ ಆಲೋಚನೆ ಸರಳವಾಗಿತ್ತು. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ವೈದ್ಯರು ನಿಲ್ಲಲೇಬೇಕು. ಕೈಯ ಶಸ್ತ್ರಚಿಕಿತ್ಸೆಯನ್ನು ಕೂತೇ ಮಾಡುತ್ತಾರೆ. ಮೇರಿಯವರ ಎರಡು ಕೈಗಳೂ ಗಟ್ಟಿಯಾಗಿವೆ, ಬುದ್ಧಿ ಚುರುಕಾಗಿದೆ, ವಿದ್ಯೆ ಪೂರ್ತಿಯಾಗಿದೆ. ಹಾಗಿದ್ದ ಮೇಲೆ ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆಯನ್ನು ಅವರೇಕೆ ಮಾಡಬಾರದು?

ಮೇರಿಯವರಿಗೆ ಇದು ಒಮ್ಮೆಗೇ ಒಪ್ಪಿಗೆಯಾದ ಮಾತಲ್ಲ. ನೋವು, ಹತಾಶೆ, ಹಲವು ಶಸ್ತ್ರಚಿಕಿತ್ಸೆಗಳು, ಮುಖದ ಮೇಲೆ ಉಳಿದ ಗುರುತು, ಇನ್ನೊಬ್ಬರ ಕೈಯಾಸರೆಯಿಲ್ಲದೆ ಒಂದು ದಿನವೂ ಸಾಗದ ಅಸಹಾಯಕತೆ, ಇವೆಲ್ಲವುಗಳ ನಡುವಿನಿಂದ ಅವರು ಬರಬೇಕಾಯಿತು. ಕಡೆಗೆ ಗಾಲಿಕುರ್ಚಿಯಲ್ಲಿ ಕುಳಿತು ಅವರು ಶಸ್ತ್ರಚಿಕಿತ್ಸಾ ಕೋಣೆಯನ್ನು ಪ್ರವೇಶಿಸಿದರು. ನಡೆಯಲಾರದ ವೈದ್ಯೆ, ಮುಷ್ಟಿ ತೆರೆಯಲಾರದ ರೋಗಿಯ ಕೈಯನ್ನು ಹಿಡಿದು ಬಿಡಿಸತೊಡಗಿದರು.

ಇದರಿಂದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ಜೊತೆಗೆ ಇನ್ನೊಂದು ಲಾಭವೂ ಆಯಿತು. ಕುಷ್ಠರೋಗಿಗಳನ್ನು ಊರು ಹೊರಗಿಡುತ್ತಿದ್ದ ಕಾಲ ಅದು. ತಮ್ಮಷ್ಟೇ, ಅಥವಾ ತಮಗಿಂತ ಹೆಚ್ಚಾಗಿ, ದೇಹ ಕೈಕೊಟ್ಟ ಒಬ್ಬರು ತಮ್ಮ ವೈದ್ಯೆಯಾಗಿ ಎದುರಿಗೆ ಕುಳಿತಿರುವುದನ್ನು ಅವರು ಕಂಡರು. ಉಪದೇಶದಿಂದ ಹುಟ್ಟಲಾರದ ಧೈರ್ಯ ಆ ನೋಟದಿಂದ ಹುಟ್ಟಿತು.

ಪರ್ತ್ ಮತ್ತು ನ್ಯೂಯಾರ್ಕ್

ಇಷ್ಟಾದರೂ ಮೇರಿಯವರ ಸ್ವಂತ ದೇಹಕ್ಕೆ ಬೇಕಾದ ತರಬೇತಿ ಇನ್ನೂ ಸಿಕ್ಕಿರಲಿಲ್ಲ. ಮಂಚದಿಂದ ಕುರ್ಚಿಗೆ ತಾವೇ ಸರಿಯುವುದು, ಕಾಲಿಗೆ ಪಟ್ಟಿ ಬಿಗಿದು ನಿಲ್ಲುವುದು, ಮಲಮೂತ್ರಗಳಿಗೆ ಹೊತ್ತಿನ ಶಿಸ್ತು ತರುವುದು, ಹುಣ್ಣಾಗದಂತೆ ಚರ್ಮ ಕಾಯ್ದುಕೊಳ್ಳುವುದು, ಇವನ್ನೆಲ್ಲ ಒಂದೇ ಸೂರಿನಡಿ ಕಲಿಸುವ ತಾಣವನ್ನು ಅವರು ಹುಡುಕಬೇಕಾಯಿತು. ವೈದ್ಯರೇ ಆಗಿದ್ದು, ದೊಡ್ಡ ಆಸ್ಪತ್ರೆಯ ಒಳಗೇ ಇದ್ದ ಅವರಿಗೂ ಅದಕ್ಕಾಗಿ ದೇಶ ಬಿಟ್ಟು ಹೋಗಬೇಕಾಯಿತು.

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ಮೇರಿಯವರಿಗೆ ಅಪಘಾತವಾದ 1954ರಲ್ಲಿಯೇ, ಬೆನ್ನುಹುರಿಯ ಗಾಯದವರಿಗಾಗಿ ಪ್ರತ್ಯೇಕ ವಿಭಾಗ ತೆರೆದಿತ್ತು. ಮೇರಿ ಅಲ್ಲಿಗೆ ಹೋದದ್ದು ರೋಗಿಯಾಗಿ. ಆದರೆ ವೈದ್ಯೆಯ ಕಣ್ಣು ಸುಮ್ಮನಿರಲಿಲ್ಲ. ಗಾಯಗೊಂಡವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದನ್ನು, ದುಡಿಮೆಗೆ ಮರಳುವುದನ್ನು, ಸಂಸಾರ ನಡೆಸುವುದನ್ನು ಅವರು ಕಂಡರು. ಭಾರತದಲ್ಲಿ ಇದೇ ಗಾಯವಾದವರು ಮಂಚದ ಮೇಲೆ ಕೊಳೆಯುತ್ತಿದ್ದ ಚಿತ್ರ ಅವರ ಕಣ್ಣ ಮುಂದಿತ್ತು. ಗಾಯ ಒಂದೇ ಆಗಿರುವಾಗ ಬದುಕು ಬೇರೆ ಬೇರೆಯಾಗುವುದಾದರೆ, ಆ ಅಂತರಕ್ಕೆ ಕಾರಣ ಗಾಯವಲ್ಲ, ಗಾಯದ ನಂತರದ ಚಿಕಿತ್ಸೆ ಎಂಬುದು ಅವರಿಗೆ ಮನದಟ್ಟಾಯಿತು. ಅವರ ಮುಂದಿನ ಬದುಕನ್ನು ನಿರ್ಧರಿಸಿದ್ದು ಈ ಅರಿವು.

ಆ ಶಾಸ್ತ್ರವನ್ನೇ ಕಲಿಯಲು ಅವರು ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ತೆರಳಿದರು. ಅಲ್ಲಿ ಹೊವಾರ್ಡ್ ರಸ್ಕ್ ಅವರ ನೇತೃತ್ವದ ದೈಹಿಕ ವೈದ್ಯಶಾಸ್ತ್ರ ಮತ್ತು ಪುನರ್ವಸತಿ ಸಂಸ್ಥೆಯಿತ್ತು. ಯುದ್ಧದಲ್ಲಿ ಗಾಯಗೊಂಡ ಸೈನಿಕರ ಆರೈಕೆಯಿಂದ ಅನುಭವ ಪಡೆದ ರಸ್ಕ್, ರೋಗಿಯ ಒಂದು ಅಂಗಕ್ಕಷ್ಟೇ ಚಿಕಿತ್ಸೆ ನೀಡುವ ಪದ್ಧತಿಯನ್ನು ಒಪ್ಪದವರು. ರೋಗಿಯ ದೇಹ, ಮನಸ್ಸು, ಮನೆ, ದುಡಿಮೆ ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕೆಂಬುದು ಅವರ ಪಂಥ. ಗಾಲಿಕುರ್ಚಿಯಲ್ಲಿದ್ದ ಭಾರತೀಯ ಮಹಿಳೆಯೊಬ್ಬರು ಆ ಮಹಾನಗರದ ಚಳಿಯನ್ನೂ ಅಪರಿಚಿತ ಜೀವನಕ್ರಮವನ್ನೂ ಎದುರಿಸಿ, ತರಬೇತಿಯನ್ನು ಪೂರ್ತಿಗೊಳಿಸಿದರು. ಅಲ್ಲೇ ಉಳಿಯದೆ ವೆಲ್ಲೂರಿಗೆ ಮರಳಿದರು.

ವೆಲ್ಲೂರಿನಲ್ಲಿ ಕಟ್ಟಿದ್ದು

1963ರಲ್ಲಿ ಡಾ. ಮೇರಿ ವರ್ಗೀಸ್ ಅವರು ವೆಲ್ಲೂರಿನ ದೈಹಿಕ ವೈದ್ಯಶಾಸ್ತ್ರ ಮತ್ತು ಪುನರ್ವಸತಿ ವಿಭಾಗದ ಮುಖ್ಯಸ್ಥರಾದರು. ರೋಗಿಗಳನ್ನು ಒಳಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಇಂಥ ವಿಭಾಗ ಭಾರತದಲ್ಲಿ ಅದೇ ಮೊದಲನೆಯದು. ಮುಂಬಯಿಯ ಹಾಜಿ ಅಲಿಯಲ್ಲಿ ಕೇಂದ್ರ ಸರಕಾರದ ಸಂಸ್ಥೆಯೊಂದು 1955ರಿಂದ ಈ ಕ್ಷೇತ್ರದಲ್ಲಿ ತೊಡಗಿತ್ತು. ಆದರೆ ಬೆನ್ನುಹುರಿ ಗಾಯದವರು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿದು ಹೊಸದಾಗಿ ಬದುಕಲು ಕಲಿಯುವ ಮನೆಯೊಂದು ಬೇಕೆಂಬುದು ಮೇರಿಯವರ ಕನಸು. 1966ರಲ್ಲಿ ವೆಲ್ಲೂರಿನ ಹೊರವಲಯದ ಬಾಗಾಯಂನಲ್ಲಿ ಪುನರ್ವಸತಿ ಸಂಸ್ಥೆ ತೆರೆದು ಆ ಕನಸು ನನಸಾಯಿತು.

ಇಂಥ ಸಂಸ್ಥೆಯಲ್ಲಿ ವೈದ್ಯರು ಒಬ್ಬರೇ ಕೆಲಸ ಮಾಡುವುದಿಲ್ಲ. ವ್ಯಾಯಾಮದಿಂದ ಸ್ನಾಯುಗಳನ್ನು ಬಲಪಡಿಸುವ ಫಿಸಿಯೋಥೆರಪಿಸ್ಟ್, ಉಡುವುದು, ಉಣ್ಣುವುದು, ಬರೆಯುವುದು ಮುಂತಾದ ನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್, ಕೃತಕ ಕೈಕಾಲು ಮತ್ತು ಕ್ಯಾಲಿಪರ್ ತಯಾರಿಸುವವರು, ಮಾತು ಕಲಿಸುವವರು, ದಾದಿಯರು, ಮನೆಯವರೊಡನೆ ಮಾತನಾಡುವ ಸಮಾಜ ಕಾರ್ಯಕರ್ತರು, ಇವರೆಲ್ಲರ ತಂಡಕ್ಕೆ ಪಿ.ಎಂ.ಆರ್. ವೈದ್ಯರು ಮುಂದಾಳು. ರೋಗಿಯ ಜೊತೆಗೆ ಬಂದ ಹೆಂಡತಿ, ತಾಯಿ, ಅಣ್ಣತಮ್ಮಂದಿರೂ ಈ ತಂಡದವರೇ. ಏಕೆಂದರೆ ಮನೆಗೆ ಮರಳಿದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಅವರ ಕೈಯಿಂದಲೇ ಆಗಬೇಕು.

ಮೇರಿಯವರು ಗಾಲಿಕುರ್ಚಿಯಲ್ಲಿಯೇ ವಾರ್ಡುಗಳನ್ನು ಸುತ್ತಿದರು, ಶಿಷ್ಯರನ್ನು ತಯಾರು ಮಾಡಿದರು. ಮರದಿಂದ ಬಿದ್ದವರು, ಬಾವಿಗೆ ಬಿದ್ದವರು, ಪೋಲಿಯೋ ತಗಲಿದ ಮಕ್ಕಳು ಆ ಕಾಲದ ಇಂಥ ವಿಭಾಗಗಳ ಮುಖ್ಯ ರೋಗಿಗಳು. 1972ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಅಪಘಾತದ ನಂತರ ಮೂವತ್ತೆರಡು ವರ್ಷಗಳ ಕಾಲ ಬದುಕಿ, 1986ರ ಡಿಸೆಂಬರಿನಲ್ಲಿ, ತಮ್ಮ 61ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೆಲವೇ ವರ್ಷಗಳ ಆಯುಷ್ಯವೆಂದು ಹಿಂದೆ ಜಗತ್ತು ಬಗೆದಿದ್ದ ಗಾಯವನ್ನು ಹೊತ್ತುಕೊಂಡೇ ಅವರು ಈ ಅವಧಿಯನ್ನು ದಾಟಿದರು. ಸರಿಯಾದ ಆರೈಕೆ ಸಿಕ್ಕರೆ ಏನಾಗಬಹುದೆಂಬುದಕ್ಕೆ ಅವರ ಬದುಕೇ ಪುರಾವೆ.

ಪುನರ್ವಸತಿ ಎಂಬ ಮಾತು ಮತ್ತು ನಮ್ಮ ಸೀಮೆ

ಪುನರ್ವಸತಿ, ಪುನರ್ವಸನ ಎಂಬ ಮಾತುಗಳು ನಮ್ಮ ಸೀಮೆಯವರಿಗೆ ಹೊಸವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ ಲಾತೂರ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 10 ಸಾವಿರ ಜನ ಸತ್ತರು. ಅದರ ಮೂರು ಪಟ್ಟು ಜನ ಗಾಯಗೊಂಡರು. ದಪ್ಪ ಕಲ್ಲಿನ ಗೋಡೆ, ಭಾರವಾದ ಮಣ್ಣಿನ ಮಾಳಿಗೆಯ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಆ ಬಳಿಕ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿದರು. ಅಂದಿನಿಂದ ನಮ್ಮಲ್ಲಿ ಪುನರ್ವಸತಿ ಎಂದೊಡನೆ ಸಾಲು ಮನೆಗಳು ನೆನಪಾಗುತ್ತವೆ. ಬಿದ್ದ ಮನೆಯನ್ನು ಮತ್ತೆ ಕಟ್ಟುವಂತೆ, ಬಿದ್ದ ದೇಹದೊಳಗೆ ಬದುಕನ್ನು ಮತ್ತೆ ಕಟ್ಟುವುದೂ ಪುನರ್ವಸತಿಯೇ ಎಂಬುದು ಮಾತ್ರ ನಮ್ಮ ಮನೆಗಳಿಗೆ ಅಷ್ಟಾಗಿ ಮುಟ್ಟಿಲ್ಲ.

ಉಮರ್ಗಾದಿಂದ ಬಸವಕಲ್ಯಾಣ ದೂರವಿಲ್ಲ. ಕಾಯ ಮತ್ತು ಕಾಯಕ ಎಂಬ ಎರಡು ಮಾತುಗಳ ಒಡನಾಟವನ್ನು ಶರಣರಿಂದ ಕಲಿತ ನೆಲ ಇದು. ಕಾಯಕ್ಕೆ ಊನವಾದಾಗ ಮನುಷ್ಯನನ್ನು ಕಾಯಕದಿಂದಲೂ ದೂರವಿಡುವುದು ನಮ್ಮ ಪರಂಪರೆಗೆ ಒಪ್ಪುವ ಮಾತಲ್ಲ. ಉಳಿದ ಶಕ್ತಿಯನ್ನು ಲೆಕ್ಕ ಹಾಕಿ, ಅದಕ್ಕೆ ಸಾಧನವನ್ನೂ ತರಬೇತಿಯನ್ನೂ ಕೂಡಿಸಿ, ಆ ಮನುಷ್ಯನನ್ನು ಅವನ ಕಾಯಕಕ್ಕೆ ಮರಳಿಸುವುದೇ ಮೇರಿಯವರು ಕಲಿತು ಕಲಿಸಿದ ಶಾಸ್ತ್ರದ ತಿರುಳು. ಮಗುವಿನ ಕಾಯಕವೆಂದರೆ ಶಾಲೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ತರಗತಿಗೆ ಬಾರದ ಮಕ್ಕಳ ಮನೆಗಳಿಗೆ ಹೋದಾಗಲೆಲ್ಲ ನಮಗೆ ಈ ಮಾತು ನೆನಪಾಗುತ್ತದೆ.

ಪಾಲಕರು ಮಾಡಬೇಕಾದದ್ದು

ಮೊದಲನೆಯದಾಗಿ, ಯಾವ ವೈದ್ಯರನ್ನು ಕೇಳಬೇಕೆಂಬುದು ತಿಳಿದಿರಲಿ. ಮೂಳೆ ವೈದ್ಯರು ಮೂಳೆ ಕೂಡಿಸುತ್ತಾರೆ. ನರರೋಗ ವೈದ್ಯರು ಲಕ್ವಾಕ್ಕೆ ಔಷಧ ಕೊಡುತ್ತಾರೆ. ಫಿಸಿಯೋಥೆರಪಿಸ್ಟ್ ವ್ಯಾಯಾಮ ಮಾಡಿಸುತ್ತಾರೆ. ಇವರೆಲ್ಲರೂ ಬೇಕು. ಆದರೆ ಮುಂದಿನ ಬದುಕಿನ ಒಟ್ಟು ಯೋಜನೆ ಹಾಕುವವರು ಪಿ.ಎಂ.ಆರ್. ವೈದ್ಯರು. ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಇದೇ ವಿಷಯದಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಪದವಿ ಪಡೆದವರು ಇವರು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ, ನಮ್ಮನ್ನು ಪಿ.ಎಂ.ಆರ್. ವಿಭಾಗಕ್ಕೆ ಬರೆದುಕೊಡಿ ಎಂದು ಕೇಳುವುದು ನಮ್ಮ ಹಕ್ಕು. ತಾಲೂಕಿನ ಊರುಗಳಲ್ಲಿ ಇಂಥ ವೈದ್ಯರು ಸಿಗುವುದು ಕಷ್ಟ. ಹೀಗಾಗಿ ಲಾತೂರ, ಸೊಲ್ಲಾಪುರ, ಬೀದರ, ಕಲಬುರಗಿಗಳ ಸರಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆಯೇ, ಯಾವ ದಿನ ನೋಡುತ್ತಾರೆ ಎಂದು ಹೋಗುವ ಮುನ್ನವೇ ವಿಚಾರಿಸಬೇಕು. ದೊಡ್ಡ ತೊಂದರೆಗಳಿಗೆ ಮುಂಬಯಿಯ ಹಾಜಿ ಅಲಿಯ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ನರಸಂಬಂಧಿ ಪುನರ್ವಸತಿ ವಿಭಾಗ, ಮೇರಿಯವರ ವೆಲ್ಲೂರು ಇವೆ.

ಎರಡನೆಯದಾಗಿ, ಭಾಷೆಯ ಮಾತು. ಈ ಚಿಕಿತ್ಸೆಯ ಬಹುಪಾಲು ನಡೆಯುವುದು ಮನೆಯಲ್ಲಿ, ತಾಯಿ ಅಥವಾ ಅಜ್ಜಿಯ ಕೈಯಲ್ಲಿ. ಹೇಳಿದ್ದು ಅರ್ಧ ತಿಳಿದರೆ ವ್ಯಾಯಾಮವೂ ಅರ್ಧವೇ ಆಗುತ್ತದೆ. ಮರಾಠಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಹೇಳಿದ್ದು ಸ್ಪಷ್ಟವಾಗದಿದ್ದರೆ ಸಂಕೋಚಪಡದೆ ಮತ್ತೆ ಕೇಳಬೇಕು, ಮಾಡಿ ತೋರಿಸಲು ಹೇಳಬೇಕು, ಓದು ಬಲ್ಲ ಮಗನೋ ಮಗಳೋ ಅದನ್ನು ಕನ್ನಡದಲ್ಲಿ ಬರೆದುಕೊಳ್ಳಬೇಕು. ಉದಗೀರದಿಂದ ಬೀದರಕ್ಕೆ ನೇರ ರೈಲು ಮಾರ್ಗವಿದೆ. ಕನ್ನಡದಲ್ಲಿ ಮಾತನಾಡುವ ವೈದ್ಯರು ಬೇಕೆನಿಸಿದವರು ಆ ದಿಕ್ಕಿನಲ್ಲಿಯೂ ವಿಚಾರಿಸಬಹುದು.

ಮೂರನೆಯದಾಗಿ, ತಡ ಮಾಡಬಾರದು. 9 ತಿಂಗಳಾದರೂ ಆಸರೆಯಿಲ್ಲದೆ ಕೂರದ, 18 ತಿಂಗಳಾದರೂ ನಡೆಯದ ಮಗುವನ್ನು, ನಮ್ಮ ಮನೆತನದಲ್ಲಿ ಎಲ್ಲರೂ ತಡವಾಗಿಯೇ ನಡೆದದ್ದು ಎಂಬ ಸಮಾಧಾನದಲ್ಲಿ ಬಿಡದೆ ವೈದ್ಯರಿಗೆ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಶಾಲೆಗೂ ತಪಾಸಣೆಗೆ ಬಂದಾಗ, ನಾಚಿಕೆಯಿಂದ ಇಂಥ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಆ ದಿನ ತಪ್ಪದೆ ಕರೆತರಬೇಕು. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ದಿನಕ್ಕೊಮ್ಮೆ ಬೆನ್ನು, ಸೊಂಟ, ಹಿಮ್ಮಡಿಗಳನ್ನು ನೋಡಬೇಕು. ಚರ್ಮ ಕೆಂಪಾಗಿದ್ದರೆ ಅದೇ ಹುಣ್ಣಿನ ಮೊದಲ ಸುಳಿವು.

ನಾಲ್ಕನೆಯದಾಗಿ, ಕಾನೂನಿನ ಆಸರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದನ್ನು ಹತ್ತಿರದ ಶಾಲೆಯಲ್ಲೇ ಪಡೆಯಬಹುದು. ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಸಲ್ಲಿಸಲು ಶಾಲೆಯ ಗುರುಗಳ ನೆರವು ಪಡೆಯಬಹುದು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಇಂಥ ಮಕ್ಕಳಿಗೆ ಸಾಧನಗಳನ್ನು ಒದಗಿಸುವ, ಶಾಲೆಗೆ ಬರಲಾಗದವರಿಗೆ ಮನೆಯಲ್ಲೇ ಪಾಠ ಹೇಳುವ ಅವಕಾಶವೂ ಇದೆ.

ಕೊನೆಯದು ನಮ್ಮ ಶಾಲೆಗಳ ಕರ್ತವ್ಯ. ಕನ್ನಡ ಶಾಲೆ ಉಳಿಯಬೇಕೆಂದು ನಾವು ಮನವಿಪತ್ರ ಬರೆಯುತ್ತೇವೆ, ಪಟಸಂಖ್ಯೆಗಾಗಿ ಮನೆಮನೆ ತಿರುಗುತ್ತೇವೆ. ಊರಿಗೆ ಒಂದೇ ಕನ್ನಡ ಶಾಲೆಯಿರುವ ಕಡೆ, ಗಾಲಿಕುರ್ಚಿ ಹತ್ತಲು ಇಳಿಜಾರಿಲ್ಲದಿದ್ದರೆ ಆ ಊರಿನ ನಡೆಯಲಾರದ ಮಗುವಿನ ಪಾಲಿಗೆ ಆ ಶಾಲೆ ಈಗಾಗಲೇ ಮುಚ್ಚಿದಂತೆಯೇ. ಒಂದು ಅಡಿ ಎತ್ತರದ ಕಟ್ಟೆಗೆ ಹನ್ನೆರಡು ಅಡಿ ಉದ್ದದ ಇಳಿಜಾರು, ಹಿಡಿಕೆಯಿರುವ ಒಂದು ಶೌಚಾಲಯ, ಕುರ್ಚಿ ಒಳಸೇರುವಷ್ಟು ಅಗಲದ ಬಾಗಿಲು, ಇಷ್ಟು ಸಾಕು. ಶಾಲಾ ವ್ಯವಸ್ಥಾಪನ ಸಮಿತಿಯ ಮುಂದಿನ ಸಭೆಯಲ್ಲಿ ಪಾಲಕರು ಈ ವಿಷಯವನ್ನು ಠರಾವಿನಲ್ಲಿ ಬರೆಸಬೇಕೆಂದು ನಾವು ವಿನಂತಿಸುತ್ತೇವೆ. ಅದೇ ಸಭೆಯಲ್ಲಿ, ಊರಿನಲ್ಲಿ ಶಾಲೆಗೆ ಬಾರದೆ ಮನೆಯಲ್ಲಿ ಉಳಿದಿರುವ ಮಕ್ಕಳ ಹೆಸರುಗಳನ್ನೂ ಒಂದೊಂದಾಗಿ ಓದಬೇಕು. ಯಾವ ಮಗುವನ್ನು ಯಾವ ವೈದ್ಯರಿಗೆ ತೋರಿಸಲಾಗಿದೆ, ಯಾರನ್ನು ಇನ್ನೂ ತೋರಿಸಿಲ್ಲ, ಕರೆದೊಯ್ಯಲು ಯಾರು ಜೊತೆಗೆ ಹೋಗುತ್ತಾರೆ ಎಂಬುದನ್ನು ಅಲ್ಲಿಯೇ ಬರೆದಿಟ್ಟುಕೊಳ್ಳಬೇಕು.